ತಪಾಸಣೆ, ಬೆನ್ನಟ್ಟುವಿಕೆ, ಹಿಂಬದಿ ಸವಾರರ ಸಾವು: ಹೊಣೆ ಯಾರದು?

ಮೈಸೂರಿನ ವಕೀಲ

2025ರ ಮೇ 26ರಂದು ಮಂಡ್ಯದಲ್ಲಿ ನಡೆದದ್ದನ್ನು ಇಲ್ಲಿ ಯಾರೂ ಮರೆತಿರಲಾರರು. ನಾಯಿ ಕಚ್ಚಿದ ಮಗುವನ್ನು ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ತಂದೆತಾಯಿಯನ್ನು ತಪಾಸಣೆಯಲ್ಲಿದ್ದ ಸಂಚಾರ ಪೊಲೀಸರು ತಡೆದಾಗ ಮಗು ರಸ್ತೆಗೆ ಬಿತ್ತು, ಹಿಂದಿನಿಂದ ಬಂದ ವಾಹನ ಅದರ ಮೇಲೆ ಹರಿಯಿತು. ಮಗುವಿಗೆ ನಾಲ್ಕು ವರ್ಷ ತುಂಬಿರಲಿಲ್ಲ. ಮೂವರು ಎಎಸ್‌ಐಗಳು ಅಮಾನತಾದರು. ಅದಾದ ಕೆಲವೇ ದಿನಗಳಲ್ಲಿ ರಾಜ್ಯ ಪೊಲೀಸ್ ಮುಖ್ಯಸ್ಥರಿಂದ ಸೂಚನೆ ಹೊರಟಿತು: ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಬರಿಯ ದಾಖಲೆ ನೋಡುವುದಕ್ಕೆಂದು ವಾಹನ ನಿಲ್ಲಿಸಬಾರದು, ಏಕಾಏಕಿ ಅಡ್ಡ ಬರಬಾರದು, ಕೀ ಕಿತ್ತುಕೊಳ್ಳಬಾರದು, ಅತಿವೇಗದಲ್ಲಿ ಹೋಗುವ ವಾಹನವನ್ನು ಬೆನ್ನಟ್ಟದೆ ಅದರ ಸಂಖ್ಯೆಯನ್ನು ಕಂಟ್ರೋಲ್ ರೂಂಗೆ ತಿಳಿಸಬೇಕು.

ಇದಕ್ಕೂ ಮೊದಲು, 2018ರ ಮಾರ್ಚ್ 7ರಂದು, ತಮಿಳುನಾಡಿನ ತಿರುಚಿರಾಪಳ್ಳಿ ಹತ್ತಿರದ ತಿರುವೆರುಂಬೂರಿನಲ್ಲಿ ಹೆಲ್ಮೆಟ್ ಇಲ್ಲದ ಸವಾರನೊಬ್ಬ ನಿಲ್ಲದೆ ಮುಂದೆ ಹೋದನೆಂದು ಸಂಚಾರ ವಿಭಾಗದ ಇನ್‌ಸ್ಪೆಕ್ಟರ್ ಒಬ್ಬರು ಬೆನ್ನಟ್ಟಿ ಹೋದರು. ಚಲಿಸುತ್ತಿದ್ದ ಗಾಡಿಯನ್ನು ಕಾಲಿನಿಂದ ಒದ್ದರು ಎಂಬುದು ಅವರ ಮೇಲೆ ಬಂದ ಆರೋಪ. ಹಿಂದೆ ಕುಳಿತಿದ್ದ ಪತ್ನಿ ಬಿದ್ದು ಪ್ರಾಣಬಿಟ್ಟರು. ಜನ ತಿರುಚಿ–ತಂಜಾವೂರು ಹೆದ್ದಾರಿಯಲ್ಲಿ ಕುಳಿತು ರಸ್ತೆ ತಡೆದರು, ಇನ್‌ಸ್ಪೆಕ್ಟರ್ ಬಂಧನಕ್ಕೊಳಗಾದರು.

ಎರಡೂ ಒಂದೇ ಬಗೆಯ ಘಟನೆಗಳಲ್ಲ. ಮಂಡ್ಯದಲ್ಲಿ ಯಾರೂ ತಪ್ಪಿಸಿಕೊಂಡು ಓಡುತ್ತಿರಲಿಲ್ಲ, ತಿರುಚಿಯಲ್ಲಿ ಬೆನ್ನಟ್ಟುವಿಕೆ ನಡೆದಿತ್ತು. ಆದರೆ ಎರಡರಲ್ಲೂ ಪ್ರಾಣ ಹೋದದ್ದು ಹ್ಯಾಂಡಲ್ ಹಿಡಿಯದೆ ಕುಳಿತಿದ್ದವರದು. ನಿಲ್ಲುವುದೋ ಹೋಗುವುದೋ ಎಂಬ ತೀರ್ಮಾನದಲ್ಲಿ ಅವರಿಗೆ ಯಾವ ಪಾಲೂ ಇರಲಿಲ್ಲ. ಇಂಥ ಸಾವುಗಳ ಬಗ್ಗೆ ನಡೆಯುವ ಚರ್ಚೆಯೆಲ್ಲ ಓಡಿದವನ ತಪ್ಪು ಹೆಚ್ಚೋ ಅಟ್ಟಿಸಿಕೊಂಡು ಹೋದವನ ತಪ್ಪು ಹೆಚ್ಚೋ ಎಂಬಲ್ಲಿಗೇ ಬಂದು ನಿಲ್ಲುವುದರಿಂದ, ಈ ಮೂರನೆಯವರ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಯಾರು ಎಂಬುದು ಹಿಂದೆ ಸರಿಯುತ್ತದೆ.

ಕಾನೂನಿನ ಸ್ಥಿತಿ ಹೀಗಿದೆ. ನಿರ್ಲಕ್ಷ್ಯದಿಂದ ಸಾವಿಗೆ ಕಾರಣವಾದರೆ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಂ ಪ್ರಕಾರ 5 ವರ್ಷದವರೆಗೆ ಸೆರೆವಾಸ. ಹಳೆಯ ದಂಡ ಸಂಹಿತೆಯ 304ಎ ಕಲಮಿನಲ್ಲಿ ಅದು 2 ವರ್ಷವಿತ್ತು. ತನ್ನ ಕೃತ್ಯದಿಂದ ಸಾವು ಸಂಭವಿಸಬಹುದು ಎಂಬ ಅರಿವಿದ್ದೂ ಮಾಡಿದ್ದರೆ 105ನೇ ಕಲಂ ಅನ್ವಯಿಸಿ ಶಿಕ್ಷೆ 10 ವರ್ಷದವರೆಗೆ ಹೋಗುತ್ತದೆ. ಆದರೆ ಕಲಂ ಹಚ್ಚುವುದು ಸುಲಭ, ಕಾರಣಸಂಬಂಧವನ್ನು ರುಜುವಾತು ಮಾಡುವುದು ಕಷ್ಟ. 1965ರ ಕುರ್ಬಾನ್ ಹುಸೇನ್ ರಂಗವಾಲಾ ಪ್ರಕರಣದಲ್ಲಿ, ಬಣ್ಣ ತಯಾರಿಸುವ ಕಾರ್ಖಾನೆಯೊಂದರ ಬೆಂಕಿಯಲ್ಲಿ 7 ಕಾರ್ಮಿಕರು ಸತ್ತಾಗ, ಸುಪ್ರೀಂ ಕೋರ್ಟ್ ಕಾರ್ಖಾನೆ ನಡೆಸುತ್ತಿದ್ದವರನ್ನು 304ಎ ಆರೋಪದಿಂದ ಬಿಡುಗಡೆ ಮಾಡಿತು. ಬರ್ನರ್‌ಗಳನ್ನು ಅಲ್ಲಿ ಇರಿಸಿದ್ದು ಅಪಾಯಕಾರಿಯಾಗಿದ್ದರೂ ಸಾವಿನ ನೇರ ಕಾರಣ ಒಬ್ಬ ಕೆಲಸಗಾರ ಟರ್ಪೆಂಟೈನ್ ಅನ್ನು ಅವಸರದಲ್ಲಿ ಸುರಿದದ್ದು ಎಂದಿತು. ‘ಇದಾಗದಿದ್ದರೆ ಅದಾಗುತ್ತಿರಲಿಲ್ಲ’ ಎಂದು ತೋರಿಸಿದರೆ ಸಾಲದು, ಸಾವಿಗೆ ಅದೇ ಸಮೀಪದ ಕಾರಣವಾಗಿರಬೇಕು. ಬೆನ್ನಟ್ಟುವಿಕೆಯ ಪ್ರಕರಣಗಳಲ್ಲಿ ಪೊಲೀಸರ ಪರ ವಕೀಲರು ಹಿಡಿಯುವುದು ಈ ತೀರ್ಪನ್ನೇ. ನೇರ ಕಾರಣ ಲಾರಿಯ ಚಕ್ರ ಅಥವಾ ಸವಾರನ ಗಾಬರಿ, ನಮ್ಮವರು ಬರಿದೆ ಹಿಂದೆ ಬರುತ್ತಿದ್ದರು ಎಂದು ಅವರು ವಾದಿಸುತ್ತಾರೆ.

ಇದಾದ ಮೇಲೆ ಪೂರ್ವಾನುಮತಿಯ ಗೋಡೆಯಿದೆ. ಕರ್ನಾಟಕ ಪೊಲೀಸ್ ಕಾಯ್ದೆ, 1963ರ 170ನೇ ಕಲಂ ಪ್ರಕಾರ ಕರ್ತವ್ಯದ ನೆಪದಲ್ಲಿ ಮಾಡಿದ ಕೃತ್ಯಕ್ಕೂ ಸರ್ಕಾರದ ಅನುಮತಿಯಿಲ್ಲದೆ ಪೊಲೀಸರ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ನಮ್ಮ ರಾಜ್ಯದಿಂದಲೇ ಹೋದ ಡಿ. ದೇವರಾಜ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್, ಕೃತ್ಯವು ಕರ್ತವ್ಯದ ಮಿತಿ ಮೀರಿದ್ದರೂ ಕರ್ತವ್ಯದೊಂದಿಗೆ ಅದಕ್ಕೆ ಸಮಂಜಸವಾದ ಸಂಬಂಧವಿದ್ದರೆ ಈ ರಕ್ಷಣೆ ಸಿಗುತ್ತದೆ ಎಂದು ಹೇಳಿತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಾವಿನ ಕೊನೆಯ ಕ್ಷಣದಲ್ಲಿ ಯಾರ ಕೈ ಎಲ್ಲಿತ್ತು ಎಂದು ಹುಡುಕುವುದರಿಂದ ನ್ಯಾಯ ಸಿಗುವುದಿಲ್ಲ. ಬೆನ್ನಟ್ಟಬೇಕೆಂದು ತೀರ್ಮಾನಿಸಿದವರು ಯಾರು, ಅಪಾಯ ಕಣ್ಣಿಗೆ ಕಂಡ ಮೇಲೂ ಅದನ್ನು ಮುಂದುವರಿಸಿದವರು ಯಾರು, ಆ ತೀರ್ಮಾನಕ್ಕೆ ತಕ್ಕಷ್ಟು ದೊಡ್ಡ ಕಾರಣ ಅವರ ಮುಂದೆ ಇತ್ತೇ ಎಂದು ಕೇಳಬೇಕು.

ನಿವೃತ್ತ ಎಎಸ್‌ಐ, ದಾವಣಗೆರೆ

ವಕೀಲರೇ, ನೀವು ಬರೆದದ್ದನ್ನು ಗೌರವದಿಂದ ಓದಿದ್ದೇನೆ. ಓಡುತ್ತಿರುವ ಗಾಡಿಯನ್ನು ಒದೆಯುವುದು, ಲಾಠಿ ಬೀಸುವುದು, ಹ್ಯಾಂಡಲ್ ಹಿಡಿದೆಳೆಯುವುದು ಕರ್ತವ್ಯವೇ ಅಲ್ಲ. ಅಂಥದ್ದನ್ನು ಮಾಡಿದವನ ಪರವಾಗಿ ನಾನು ಒಂದು ಮಾತನ್ನೂ ಆಡುವುದಿಲ್ಲ. ಆದರೆ ರಸ್ತೆಯ ಮೇಲೆ ನಿಂತವನಿಗೆ ಕಾಣುವುದೇನು ಎಂಬುದನ್ನೂ ಕೇಳಿಸಿಕೊಳ್ಳಿ.

ಕೈ ಅಡ್ಡ ಹಿಡಿದಾಗ ನಿಲ್ಲದೆ ಹೋದ ಗಾಡಿಯಲ್ಲಿ ಯಾರಿದ್ದಾರೆ ಎಂಬುದು ಆ ಕ್ಷಣಕ್ಕೆ ನಮಗೆ ಗೊತ್ತಿರುವುದಿಲ್ಲ. ಹೆಲ್ಮೆಟ್ ಮರೆತ ಗೃಹಸ್ಥನೂ ನಿಲ್ಲದೆ ಹೋಗುತ್ತಾನೆ, ಸರ ಕಿತ್ತುಕೊಂಡು ಬಂದವನೂ ಹಾಗೆಯೇ ಹೋಗುತ್ತಾನೆ, ಕದ್ದ ಗಾಡಿಯವನು ಇನ್ನೂ ಜೋರಾಗಿ ಹೋಗುತ್ತಾನೆ. ಬಿಟ್ಟರೆ ಮರುದಿನ ಮೇಲಧಿಕಾರಿ, ಕೈಗೆ ಸಿಕ್ಕವನನ್ನು ಏಕೆ ಬಿಟ್ಟಿರಿ ಎಂದು ಕೇಳುತ್ತಾರೆ. ಬೆನ್ನಟ್ಟಿದಾಗ ಅನಾಹುತವಾದರೆ ಅದೇ ಅಧಿಕಾರಿ, ಏಕೆ ಹೋದಿರಿ ಎಂದು ಕೇಳುತ್ತಾರೆ. ದಿನಕ್ಕೆ ಇಷ್ಟು ಕೇಸು ಆಗಬೇಕು ಎಂದು ವಾಕಿಟಾಕಿಯಲ್ಲಿ ಬರುವ ಮಾತಿಗೆ ಯಾರ ಸಹಿಯೂ ಇರುವುದಿಲ್ಲ, ಅಮಾನತಿನ ಆದೇಶಕ್ಕೆ ಮಾತ್ರ ಸಹಿ ಇರುತ್ತದೆ. ಮಂಡ್ಯದಲ್ಲಿ ಅಮಾನತಾದವರೆಲ್ಲ ಎಎಸ್‌ಐಗಳೇ ಎಂಬುದನ್ನು ಗಮನಿಸಿ. ಆ ಜಾಗದಲ್ಲಿ, ಆ ಹೊತ್ತಿನಲ್ಲಿ ತಪಾಸಣೆ ಇಡಬೇಕೆಂಬ ತೀರ್ಮಾನ ಯಾವ ದರ್ಜೆಯಲ್ಲಿ ಆಯಿತು ಎಂದು ಯಾರಾದರೂ ಕೇಳಿದರೇ?

ಇನ್ನೊಂದು ಮಾತು. 2021ರ ಮಾರ್ಚ್‌ನಲ್ಲಿ ಮೈಸೂರಿನ ರಿಂಗ್ ರಸ್ತೆಯಲ್ಲಿ ಬೈಕ್ ಸವಾರನೊಬ್ಬ ಸತ್ತಾಗ, ಸಾವಿಗೆ ಕಾರಣ ಏನೆಂದು ತನಿಖೆಯಾಗುವ ಮೊದಲೇ ಜನ ಸೇರಿ ಕರ್ತವ್ಯದಲ್ಲಿದ್ದ ಸಂಚಾರ ಪೊಲೀಸರನ್ನು ಥಳಿಸಿದರು. ಹೊಣೆಯನ್ನು ಸರಿಯಾದ ಜಾಗದಲ್ಲಿ ಇಡದಿದ್ದರೆ ಅದು ಹೀಗೆ ಬೀದಿಯಲ್ಲಿ ಸಿಕ್ಕವನ ಮೈಮೇಲೆ ಬೀಳುತ್ತದೆ.

ವೈಟ್‌ಫೀಲ್ಡ್ ನಿವಾಸಿ

ನನ್ನದು ನೇರವಾದ ಮಾತು. ಪೊಲೀಸರು ನಿಲ್ಲಿ ಎಂದಾಗ ನಿಲ್ಲುವುದು ಪ್ರಜೆಯ ಕರ್ತವ್ಯ. ನಿಲ್ಲದೆ ಓಡಿದವನು ಅಪಾಯವನ್ನು ತಾನೇ ಹುಟ್ಟುಹಾಕಿದವನು. ಅವನು ಸತ್ತರೆ ಹೊಣೆ ಅವನದೇ, ಬೇರೆಯವರು ಸತ್ತರೂ ಅವನದೇ. ಬೆನ್ನಟ್ಟಬಾರದು ಎಂದು ನಿಯಮ ಮಾಡಿದರೆ ವೇಗ ಹೆಚ್ಚಿಸಿದವನಿಗೆ ಕಾನೂನಿನಿಂದ ವಿನಾಯಿತಿ ಕೊಟ್ಟಂತಾಗುತ್ತದೆ. ಪ್ರತಿದಿನ ಸಿಗ್ನಲ್‌ನಲ್ಲಿ ಶಿಸ್ತಾಗಿ ನಿಲ್ಲುವವರಿಗೆ ಇದು ಅನ್ಯಾಯವಲ್ಲವೇ?

ಅಟ್ಲಾಂಟಾ ಕನ್ನಡಿಗ

ವೈಟ್‌ಫೀಲ್ಡ್‌ನವರೇ, ನಿಮ್ಮ ವಾದವನ್ನು ಅಮೆರಿಕದ ಸುಪ್ರೀಂ ಕೋರ್ಟ್ ಹೆಚ್ಚುಕಡಿಮೆ ಇದೇ ರೂಪದಲ್ಲಿ ಒಪ್ಪಿದೆ. ಆ ಪ್ರಕರಣ ಶುರುವಾದದ್ದು ನಾನಿರುವ ಜಾರ್ಜಿಯಾ ರಾಜ್ಯದ ಕವೀಟಾ ಕೌಂಟಿಯಲ್ಲಿ. 2001ರಲ್ಲಿ 19 ವರ್ಷದ ಯುವಕನೊಬ್ಬ 55 ಮೈಲಿ ವೇಗಮಿತಿಯ ರಸ್ತೆಯಲ್ಲಿ 73 ಮೈಲಿ ವೇಗದಲ್ಲಿ ಹೋಗುತ್ತಿದ್ದ. ನಿಲ್ಲಿಸಲು ಹೋದಾಗ ಓಡಿದ. ಕೊನೆಗೆ ಪೊಲೀಸ್ ಅಧಿಕಾರಿ ತನ್ನ ಕಾರಿನಿಂದ ಅವನ ಕಾರಿನ ಹಿಂಭಾಗಕ್ಕೆ ಗುದ್ದಿದರು; ಕಾರು ರಸ್ತೆಯಾಚೆ ಉರುಳಿ ಯುವಕನ ಕೈಕಾಲುಗಳೆರಡೂ ಶಾಶ್ವತವಾಗಿ ಸ್ವಾಧೀನ ತಪ್ಪಿದವು. 2007ರ ‘ಸ್ಕಾಟ್ ವಿರುದ್ಧ ಹ್ಯಾರಿಸ್’ ತೀರ್ಪಿನಲ್ಲಿ ನ್ಯಾಯಾಲಯ 8–1ರ ಬಹುಮತದಿಂದ ಅಧಿಕಾರಿಯ ಪರ ನಿಂತಿತು. ಅಪಾಯವನ್ನು ಆಯ್ದುಕೊಂಡವನು ಓಡಿದವನು, ಅಪಾಯಕ್ಕೆ ಸಿಕ್ಕವರು ದಾರಿಯಲ್ಲಿದ್ದ ನಿರಪರಾಧಿಗಳು. ಹಾಗಿರುವಾಗ ನಿರಪರಾಧಿಗಳನ್ನು ಉಳಿಸಲು ಓಡಿದವನನ್ನು ಗಾಯಗೊಳಿಸುವುದು ಅಸಮಂಜಸವಲ್ಲ ಎಂಬುದು ನ್ಯಾಯಮೂರ್ತಿ ಸ್ಕಾಲಿಯಾ ಅವರ ತರ್ಕ. ಬೆನ್ನಟ್ಟುವುದನ್ನು ಬಿಟ್ಟಿದ್ದರೆ ಸಾಕಿತ್ತಲ್ಲ ಎಂಬ ವಾದಕ್ಕೆ, ಹಾಗೆ ಮಾಡಿದರೆ ಜೋರಾಗಿ ಓಡಿದವರೆಲ್ಲ ತಪ್ಪಿಸಿಕೊಳ್ಳುತ್ತಾರೆ ಎಂದು ಅವರು ಉತ್ತರಿಸಿದರು. ಭಿನ್ನಮತ ಬರೆದವರು ನ್ಯಾಯಮೂರ್ತಿ ಸ್ಟೀವನ್ಸ್ ಒಬ್ಬರೇ.

ಆದರೆ ಆ ಕಾರಿನಲ್ಲಿ ಇನ್ನೊಬ್ಬರು ಇದ್ದಿದ್ದರೆ? ಆ ಪ್ರಶ್ನೆಗೆ ಬೇಕಾದ ಪ್ರಕರಣವೂ ಇದೆ. 1990ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೋದಲ್ಲಿ ಮೋಟಾರ್‌ಸೈಕಲ್ ಒಂದನ್ನು ಪೊಲೀಸ್ ಕಾರು ಬೆನ್ನಟ್ಟಿತು. ಬೆನ್ನಟ್ಟಿದ್ದು 75 ಸೆಕೆಂಡು, ದೂರ 1.3 ಮೈಲಿ, ವೇಗ ಕೆಲವೆಡೆ ಗಂಟೆಗೆ 100 ಮೈಲಿ. ತಿರುವಿನಲ್ಲಿ ಬೈಕು ಉರುಳಿತು. ಹಿಂದೆಯೇ ಬರುತ್ತಿದ್ದ ಪೊಲೀಸ್ ಕಾರು ನಿಲ್ಲಲಾಗದೆ ಹಿಂಬದಿ ಕುಳಿತಿದ್ದ 16 ವರ್ಷದ ಹುಡುಗನಿಗೆ ಬಡಿಯಿತು. ಬೈಕು ಓಡಿಸುತ್ತಿದ್ದವನು ಬದುಕಿದ, ಹಿಂದೆ ಕುಳಿತವನು ಸತ್ತ. 1998ರಲ್ಲಿ ಸುಪ್ರೀಂ ಕೋರ್ಟ್ ಆ ಹುಡುಗನ ತಂದೆತಾಯಿಯ ಸಂವಿಧಾನಾತ್ಮಕ ಹಕ್ಕಿನ ವಾದವನ್ನು ತಳ್ಳಿಹಾಕಿತು. ಹಾನಿ ಮಾಡಬೇಕೆಂಬ ಉದ್ದೇಶ ಅಧಿಕಾರಿಗೆ ಇತ್ತೆಂದು ತೋರಿಸದ ಹೊರತು ಕ್ಷಣಾರ್ಧದ ತೀರ್ಮಾನವನ್ನು ಮನಸ್ಸಾಕ್ಷಿಯನ್ನು ಕಲಕುವ ಕೃತ್ಯ ಎನ್ನಲಾಗದು ಎಂದಿತು. ಸ್ಕಾಲಿಯಾ ಅವರ ತರ್ಕವನ್ನು ಈ ಹುಡುಗನಿಗೆ ಹಚ್ಚಿ ನೋಡಿ. ಅವನು ಯಾವ ಅಪಾಯವನ್ನೂ ಆಯ್ದುಕೊಂಡಿರಲಿಲ್ಲ. ಅವರ ಮಾತಿನ ಪ್ರಕಾರವೇ ಅವನು ಉಳಿಸಬೇಕಾಗಿದ್ದ ನಿರಪರಾಧಿಗಳ ಸಾಲಿನಲ್ಲಿ ನಿಲ್ಲಬೇಕಿತ್ತು. ಈ ಎರಡು ತೀರ್ಪುಗಳನ್ನು ಒಟ್ಟಿಗೆ ಓದಿದಾಗ ನನಗೆ ಸಮಾಧಾನವಾಗಿಲ್ಲ.

ವಕೀಲರು ಹೇಳಿದ ‘ತೀರ್ಮಾನ’ದ ಮಾತು ಇಲ್ಲಿನ ಜಾರ್ಜಿಯಾ ರಾಜ್ಯದ ಶಾಸನದಲ್ಲಿ ಬಹುತೇಕ ಅದೇ ಪದಗಳಲ್ಲಿದೆ. ಓಡುತ್ತಿರುವವನು ಯಾರನ್ನಾದರೂ ಕೊಂದರೆ, ಪೊಲೀಸರ ಬೆನ್ನಟ್ಟುವಿಕೆಯನ್ನು ಆ ಸಾವಿನ ಸಮೀಪದ ಕಾರಣವೆಂದು ಸಾಮಾನ್ಯವಾಗಿ ಪರಿಗಣಿಸುವುದಿಲ್ಲ. ಆದರೆ ಬೆನ್ನಟ್ಟಲು ಆರಂಭಿಸುವ ಅಥವಾ ಮುಂದುವರಿಸುವ ತೀರ್ಮಾನದಲ್ಲಿ ಅಧಿಕಾರಿ ತನ್ನ ಇಲಾಖೆಯ ಕ್ರಮಗಳನ್ನು ಪೂರ್ತಿ ಗಾಳಿಗೆ ತೂರಿದ್ದರೆ ಹೊಣೆ ಅವನಿಗೂ ತಟ್ಟುತ್ತದೆ. ಓಡಿದವನಿಗಂತೂ ತಪ್ಪಿದ್ದಲ್ಲ: ಪೊಲೀಸರಿಂದ ತಪ್ಪಿಸಿಕೊಳ್ಳುವಾಗ ವಾಹನದಿಂದ ಸಾವು ಉಂಟುಮಾಡಿದರೆ 3ರಿಂದ 15 ವರ್ಷ ಸೆರೆವಾಸ. ಅಟ್ಲಾಂಟಾ ನಗರದ ಪೊಲೀಸ್ ಇಲಾಖೆ 2020ರ ಜನವರಿಯಲ್ಲಿ ಬೆನ್ನಟ್ಟುವುದನ್ನೇ ನಿಲ್ಲಿಸಿತು, ಒಂದು ವರ್ಷದ ಬಳಿಕ ಗಂಭೀರ ಅಪರಾಧಗಳಿಗೆ ಮಾತ್ರ ಮತ್ತೆ ಅನುಮತಿ ಕೊಟ್ಟಿತು. ಎಲ್ಲಿ ಗೆರೆ ಎಳೆಯಬೇಕು ಎಂಬುದು ಇಲ್ಲಿಯೂ ಇತ್ಯರ್ಥವಾಗಿಲ್ಲ. ಆದರೆ ಗೆರೆ ಎಳೆಯಬೇಕಾದದ್ದು ಇಲಾಖೆಯ ಕೆಲಸ, ಕಾರಿನಲ್ಲಿ ಕುಳಿತ ಒಬ್ಬ ಅಧಿಕಾರಿಯ ಆವೇಶಕ್ಕೆ ಬಿಡುವಂಥದ್ದಲ್ಲ ಎಂಬುದನ್ನು ಎಲ್ಲರೂ ಒಪ್ಪಿದ್ದಾರೆ.

ಮೈಸೂರಿನ ವಕೀಲ

ಅಟ್ಲಾಂಟಾದವರಿಗೆ ಧನ್ಯವಾದಗಳು. ವೈಟ್‌ಫೀಲ್ಡ್ ನಿವಾಸಿಗಳಿಗೆ ನಮ್ಮ ಕಾನೂನಿನಿಂದಲೇ ಉತ್ತರ ಹೇಳುತ್ತೇನೆ. ಬಂಧನ ಹೇಗೆ ಮಾಡಬೇಕೆಂದು ತಿಳಿಸುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಂ, ಬಂಧನವನ್ನು ತಪ್ಪಿಸಿಕೊಳ್ಳಲು ಯತ್ನಿಸುವವನ ವಿರುದ್ಧ ಅಗತ್ಯವಾದ ಎಲ್ಲ ಕ್ರಮಗಳನ್ನೂ ಬಳಸಬಹುದು ಎನ್ನುತ್ತದೆ. ಅದೇ ಉಸಿರಿನಲ್ಲಿ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧದ ಆರೋಪವಿಲ್ಲದವನ ಸಾವಿಗೆ ಕಾರಣವಾಗುವ ಹಕ್ಕನ್ನು ಇದು ಕೊಡುವುದಿಲ್ಲ ಎಂದೂ ಹೇಳುತ್ತದೆ. ಹೆಲ್ಮೆಟ್ ಇಲ್ಲದೆ ಸವಾರಿ ಮಾಡಿದರೆ ಕರ್ನಾಟಕದಲ್ಲಿ 500 ರೂಪಾಯಿ ದಂಡ. ನಿಲ್ಲದೆ ಹೋದದ್ದು ಇನ್ನೊಂದು ತಪ್ಪು, ಒಪ್ಪಿದೆ. ಆದರೆ ಎರಡನ್ನೂ ಕೂಡಿಸಿದರೂ ಯಾರ ಪ್ರಾಣಕ್ಕೂ ಅದು ಸಮವಾಗುವುದಿಲ್ಲ, ಪಕ್ಕದಲ್ಲಿ ಕುಳಿತವರ ಪ್ರಾಣಕ್ಕಂತೂ ಖಂಡಿತ ಅಲ್ಲ.

2019ರ ನವೆಂಬರ್‌ನಲ್ಲಿ ಕೇರಳ ಹೈಕೋರ್ಟ್ ಇದನ್ನೇ ಬೇರೆ ದಾರಿಯಿಂದ ಹೇಳಿತು. ಹೆಲ್ಮೆಟ್ ಹಾಕದವರನ್ನು ರಸ್ತೆಯ ನಡುವೆ ಅಡ್ಡಗಟ್ಟಿ, ಬೆನ್ನಟ್ಟಿ ಹಿಡಿಯಬೇಕಾಗಿಲ್ಲ; ಕ್ಯಾಮೆರಾ ಇದೆ, ಮೊಬೈಲ್ ಇದೆ, ನೋಂದಣಿ ಸಂಖ್ಯೆ ಇದೆ, ಅವುಗಳಿಂದ ಗುರುತು ಹಿಡಿದು ಕ್ರಮ ಕೈಗೊಳ್ಳಿ ಎಂದಿತು. ಅದೇ ತಿಂಗಳಲ್ಲಿ ಕೊಲ್ಲಂ ಜಿಲ್ಲೆಯ ಕಡಕ್ಕಲ್‌ನಲ್ಲಿ ನಿಲ್ಲದೆ ಹೋದ ಸವಾರನ ಮೇಲೆ ಪೊಲೀಸರೊಬ್ಬರು ಲಾಠಿ ಎಸೆದು ಅವನು ತೀವ್ರವಾಗಿ ಗಾಯಗೊಂಡ ಘಟನೆ ನಡೆದು, ಆದೇಶದ ಅಗತ್ಯ ಎಷ್ಟಿತ್ತೆಂಬುದನ್ನು ತೋರಿಸಿತು.

ಕಾರಣಸಂಬಂಧದ ವಿಷಯಕ್ಕೆ ಮರಳುತ್ತೇನೆ. ಕುಡಿದು ಕಾರು ಓಡಿಸಿ ಮುಂಬಯಿಯ ಕಾರ್ಟರ್ ರಸ್ತೆಯ ಪಾದಚಾರಿ ಮಾರ್ಗದಲ್ಲಿ ಮಲಗಿದ್ದ 7 ಕಾರ್ಮಿಕರ ಸಾವಿಗೆ ಕಾರಣನಾದ ಅಲಿಸ್ಟರ್ ಪರೇರಾ ಪ್ರಕರಣದಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್, ಹಾಗೆ ಓಡಿಸುವವನಿಗೆ ಸಾವು ಸಂಭವಿಸಬಹುದೆಂಬ ಅರಿವು ಇದ್ದೇ ಇರುತ್ತದೆ ಎಂದು ಭಾವಿಸಿ, ನಿರ್ಲಕ್ಷ್ಯದ ಕಲಮನ್ನು ದಾಟಿ ನರಹತ್ಯೆಯ ಕಲಮಿನಡಿ ಶಿಕ್ಷೆಯನ್ನು ಎತ್ತಿಹಿಡಿಯಿತು. ಕುಡಿದವನಿಗೇ ಆ ಅರಿವು ಇರುತ್ತದೆಂದ ಮೇಲೆ, ಲಾರಿಗಳು ಓಡಾಡುವ ಹೆದ್ದಾರಿಯಲ್ಲಿ ದಂಪತಿ ಕುಳಿತ ಬೈಕಿಗೆ ಕೈಯನ್ನೋ ಕಾಲನ್ನೋ ತಗುಲಿಸುವ, ದಿನವಿಡೀ ಅಪಘಾತಗಳನ್ನೇ ನೋಡುವ ತರಬೇತಾದ ಅಧಿಕಾರಿಗೆ ಅದು ಇರಲಿಲ್ಲ ಎನ್ನಲು ಹೇಗೆ ಸಾಧ್ಯ? ಬರಿದೆ ಹಿಂದೆ ಹೋದದ್ದಕ್ಕೂ ಮೈಮುಟ್ಟಿ ತಡೆದದ್ದಕ್ಕೂ ಕಾನೂನು ಕಾಣಬೇಕಾದ ವ್ಯತ್ಯಾಸ ಇದು. ಮೊದಲನೆಯದರಲ್ಲಿ ಇಲಾಖೆಯ ಹೊಣೆ ದೊಡ್ಡದು, ಎರಡನೆಯದರಲ್ಲಿ ವ್ಯಕ್ತಿಯ ಅಪರಾಧ ದೊಡ್ಡದು.

ಲಾರಿ ಮಾಲೀಕ, ಹಿರಿಯೂರು

ನೀವೆಲ್ಲರೂ ಓದಿದವರು, ಆದರೆ ನಮ್ಮವರನ್ನು ಮರೆತಿರಿ. ಪೊಲೀಸರು ಅಡ್ಡಗಟ್ಟಿದಾಗ ಬೈಕಿನವರು ಬಿದ್ದು, ಹಿಂದೆ ಬರುತ್ತಿದ್ದ ಲಾರಿಯ ಚಕ್ರಕ್ಕೆ ಸಿಕ್ಕರೆ ಎಫ್‌ಐಆರ್‌ನಲ್ಲಿ ಮೊದಲು ಬರೆಯುವ ಹೆಸರು ಯಾರದು? ನಮ್ಮ ಚಾಲಕನದು. ಹತ್ತಾರು ಟನ್ ಹೊರೆ ಹೊತ್ತ ಗಾಡಿ ಬ್ರೇಕ್ ಒತ್ತಿದ ಕೂಡಲೇ ನಿಲ್ಲುವುದಿಲ್ಲ ಎಂಬುದು ಗೊತ್ತಿದ್ದೂ, ಇಳಿಜಾರಿನಲ್ಲಿ, ಸೇತುವೆಯ ತುದಿಯಲ್ಲಿ, ತಿರುವು ಮುಗಿದ ಜಾಗದಲ್ಲಿ ತಪಾಸಣೆಗೆ ನಿಲ್ಲುತ್ತಾರೆ. ಜನ ಸೇರಿದರೆ ಮೊದಲ ಏಟು ಚಾಲಕನಿಗೆ ಬೀಳುತ್ತದೆ. ಗಾಡಿ ಠಾಣೆಯ ಆವರಣ ಸೇರುತ್ತದೆ. ಪರಿಹಾರದ ಮೊಕದ್ದಮೆ ನಮ್ಮ ವಿಮಾ ಕಂಪನಿಯ ಮೇಲೆ ಬರುತ್ತದೆ. ಅಡ್ಡಗಟ್ಟಿದವರು ಆ ಎಫ್‌ಐಆರ್‌ನಲ್ಲಿ ಸಾಕ್ಷಿಗಳಾಗಿ ಇರುತ್ತಾರೆ.

2024ರ ಜನವರಿಯಲ್ಲಿ ಚಾಲಕರು ದೇಶವಿಡೀ ಮುಷ್ಕರ ಮಾಡಿದ್ದು ಹೊಸ ಸಂಹಿತೆಯ 106(2)ನೇ ಕಲಮಿನ ವಿರುದ್ಧ. ಅಪಘಾತ ಮಾಡಿ ತಿಳಿಸದೆ ಹೋದರೆ 10 ವರ್ಷ ಶಿಕ್ಷೆ ಎಂಬ ಆ ಕಲಮನ್ನು ಸರ್ಕಾರ ಜಾರಿಗೆ ತರದೆ ತಡೆಹಿಡಿಯಿತು. ಚಾಲಕ ಓಡಿಹೋಗುವುದು ಮನುಷ್ಯತ್ವವಿಲ್ಲದೆ ಅಲ್ಲ, ಸೇರಿದ ಜನ ಹೊಡೆದು ಸಾಯಿಸುತ್ತಾರೆಂಬ ಭಯದಿಂದ ಎಂದು ಆಗ ಎಷ್ಟು ಹೇಳಿದರೂ ಕೇಳುವವರಿರಲಿಲ್ಲ. ಹೊಣೆಗಾರಿಕೆಯ ಮಾತು ಬಂದಾಗ, ಆ ಜಾಗದಲ್ಲಿ ಯಾವ ಆಯ್ಕೆಯೂ ಇಲ್ಲದೆ ಬಂದವರಲ್ಲಿ ನಮ್ಮ ಚಾಲಕನೂ ಒಬ್ಬ ಎಂಬುದನ್ನು ದಯವಿಟ್ಟು ಸೇರಿಸಿಕೊಳ್ಳಿ.

ಪ್ರೌಢಶಾಲಾ ಶಿಕ್ಷಕಿ, ತುಮಕೂರು

ಲಾರಿ ಮಾಲೀಕರ ಮಾತು ಮನಸ್ಸಿಗೆ ನಾಟಿತು. ನಾನು ಕೇಳಬೇಕೆಂದಿರುವುದು ಜನ ಓಡುವುದೇಕೆ ಎಂಬುದನ್ನು. ಓಡಿದವನು ಅಪಾಯವನ್ನು ಆಯ್ದುಕೊಂಡ ಎಂದು ಅಮೆರಿಕದ ನ್ಯಾಯಮೂರ್ತಿಗಳು ಹೇಳಿದರಂತೆ. ನನ್ನ ತರಗತಿಯಲ್ಲಿ ಕುಳಿತಿರುವ ಹದಿನೈದರ ಹುಡುಗರನ್ನು ನೋಡಿದರೆ ಅದನ್ನು ಆಯ್ಕೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಅಪ್ಪನ ಗಾಡಿಯನ್ನು ಹೇಳದೆ ತಂದ ಹುಡುಗ ಪೊಲೀಸರಿಗೆ ಹೆದರುವುದಕ್ಕಿಂತ ಹೆಚ್ಚಾಗಿ ಮನೆಗೆ ಹೆದರುತ್ತಾನೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿಸಿದ 199ಎ ಕಲಮಿನ ಪ್ರಕಾರ, ಅಪ್ರಾಪ್ತ ವಯಸ್ಕ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಸೆರೆವಾಸ. ಹುಡುಗನಿಗೆ 25 ವರ್ಷದವರೆಗೆ ಲೈಸೆನ್ಸ್ ಇಲ್ಲ. ಈ ಕಲಂ ಬೇಕು, ನಾನು ಅದರ ವಿರೋಧಿಯಲ್ಲ. ಆದರೆ ಕೂಲಿ ಮಾಡುವ ತಂದೆಗೆ ಅಷ್ಟು ದಂಡ ಬೀಳುತ್ತದೆ ಎಂದು ಗೊತ್ತಿರುವ ಹುಡುಗ, ಬ್ಯಾರಿಕೇಡ್ ಕಂಡ ಕ್ಷಣ ಗಾಡಿ ತಿರುಗಿಸುತ್ತಾನೆ. ಹಿಂದೆ ಅವನ ಗೆಳೆಯರಿಬ್ಬರು ಕುಳಿತಿರುತ್ತಾರೆ. ಅವನ ಹಿಂದೆ ಸೈರನ್ ಹಾಕಿಕೊಂಡು ಹೋಗುವ ದೊಡ್ಡವರಿಗೆ, ಮುಂದೆ ಹೋಗುತ್ತಿರುವುದು ಹುಡುಗರು ಎಂಬುದು ಬೆನ್ನು ನೋಡಿದರೇ ಗೊತ್ತಾಗುತ್ತದೆ. ಕಾನೂನು ಏನೇ ಹೇಳಲಿ, ಆ ಕ್ಷಣದಿಂದ ಮುಂದೆ ಅವರು ದೊಡ್ಡವರು, ಅವನು ಚಿಕ್ಕವನು. ನಿಂತುಬಿಡುವ ವಿವೇಕವನ್ನು ಇಬ್ಬರಿಂದಲೂ ಸಮನಾಗಿ ನಿರೀಕ್ಷಿಸುವುದು ನೈತಿಕವಾಗಿ ಸರಿಯಲ್ಲ ಎಂದು ನಾನು ನಂಬಿದ್ದೇನೆ. ಹುಡುಗನನ್ನು ಸಂಜೆ ಅವನ ಮನೆಯಲ್ಲಿ ಹಿಡಿಯಬಹುದು. ಗಾಡಿಗೆ ನಂಬರ್ ಇರುತ್ತದೆ.

ನಿವೃತ್ತ ಎಎಸ್‌ಐ, ದಾವಣಗೆರೆ

ಮೇಡಂ, ನಿಮ್ಮ ಮಾತಿನ ಬಹುಪಾಲನ್ನು ಒಪ್ಪುತ್ತೇನೆ, ಒಂದನ್ನು ಬಿಟ್ಟು. ನಂಬರ್ ಇರುತ್ತದೆ ಎಂದಿರಿ. ನಕಲಿ ನಂಬರ್, ಮಡಚಿದ ಫಲಕ, ಕೈಯಿಂದ ಮುಚ್ಚಿಕೊಂಡ ಫಲಕ, ಮೂರು ಕೈ ದಾಟಿದರೂ ಮೊದಲ ಮಾಲೀಕನ ಹೆಸರಿನಲ್ಲೇ ಉಳಿದ ಗಾಡಿ, ಇವೆಲ್ಲ ನಮ್ಮ ದಿನನಿತ್ಯದ ಸಂಗತಿಗಳು. ಹಾಕಿದ ದಂಡವನ್ನೇ ಜನ ಕಟ್ಟದೆ ಉಳಿಸಿಕೊಂಡು, 2023ರ ಫೆಬ್ರುವರಿಯಲ್ಲಿ ಶೇ 50ರ ರಿಯಾಯಿತಿ ಕೊಟ್ಟಾಗ ಸಾಲುಗಟ್ಟಿ ನಿಂತು ಕಟ್ಟಿದ್ದನ್ನು ನೋಡಿದ್ದೀರಿ. ಕ್ಯಾಮೆರಾದ ನೋಟಿಸಿಗೆ ಹೆದರದವನು ರಸ್ತೆಯಲ್ಲಿ ನಿಂತ ಪೊಲೀಸನಿಗೆ ಮಾತ್ರ ಹೆದರುತ್ತಾನೆ ಎಂದು ಇಲಾಖೆಯಲ್ಲಿ ಹಲವರು ನಂಬಿರುವುದು ಇದೇ ಅನುಭವದಿಂದ.

ಆದರೂ ಬೆನ್ನಟ್ಟಬಾರದು ಎಂಬ ಲಿಖಿತ ಸೂಚನೆಯನ್ನು ನಾನು ಸ್ವಾಗತಿಸುತ್ತೇನೆ. ಏಕೆಂದರೆ ಅದು ಕೆಳಗಿನವನಿಗೂ ರಕ್ಷಣೆ. ನಾನು ಸೇವೆಯಲ್ಲಿದ್ದಾಗ ‘ಬಿಡು, ಹಿಂದೆ ಹೋಗಬೇಡ’ ಎಂದು ವಾಕಿಟಾಕಿಯಲ್ಲಿ ಹೇಳುವ ಮೇಲಧಿಕಾರಿ ಸಿಕ್ಕಿದ್ದರೆ ಅದಕ್ಕಿಂತ ದೊಡ್ಡ ಸಮಾಧಾನ ಬೇರೆ ಇರುತ್ತಿರಲಿಲ್ಲ. ಸ್ಥಳದಲ್ಲಿರುವವನ ರಕ್ತ ಕುದಿಯುತ್ತಿರುತ್ತದೆ, ಕೈ ತೋರಿಸಿ ಗೇಲಿ ಮಾಡಿ ಹೋದವನನ್ನು ಬಿಡಲು ಮನಸ್ಸು ಬರುವುದಿಲ್ಲ. ಬಿಡುವ ತೀರ್ಮಾನವನ್ನು ದೂರದಲ್ಲಿ ಕುಳಿತು ತಣ್ಣಗೆ ಯೋಚಿಸಬಲ್ಲವನು ಮಾಡಬೇಕು, ಮಾಡಿದ್ದಕ್ಕೆ ಅವನ ಹೆಸರು ದಾಖಲಾಗಬೇಕು.

ಬ್ರಿಸ್ಬೇನ್ ವಾಸಿ

ಹಿರಿಯರು ಹೇಳಿದ ತೊಡಕಿಗೆ ಕ್ವೀನ್ಸ್‌ಲ್ಯಾಂಡ್ ರಾಜ್ಯ ಕಂಡುಕೊಂಡ ಒಂದು ಪರಿಹಾರವನ್ನು ಇಲ್ಲಿಡುತ್ತೇನೆ. ಇಲ್ಲಿನ ಪೊಲೀಸರು ಸುಮಾರು 2011ರ ಕೊನೆಯಿಂದ ಬೆನ್ನಟ್ಟುವುದನ್ನು ತೀರಾ ಗಂಭೀರ ಸಂದರ್ಭಗಳಿಗೆ ಸೀಮಿತಗೊಳಿಸಿದ್ದಾರೆ. ಅದರ ಜೊತೆಗೆ, ನಿಲ್ಲದೆ ಹೋಗುವುದನ್ನೇ 3 ವರ್ಷದವರೆಗೆ ಸೆರೆವಾಸದ ಅಪರಾಧವನ್ನಾಗಿಸಿದ್ದಾರೆ. ಗಾಡಿ ತಪ್ಪಿಸಿಕೊಂಡು ಹೋದರೆ ನೋಟಿಸು ನೋಂದಾಯಿತ ಮಾಲೀಕನಿಗೆ ಹೋಗುತ್ತದೆ, ಆಗ ಓಡಿಸುತ್ತಿದ್ದವರು ಯಾರೆಂದು ಅವನು ಪ್ರಮಾಣಪತ್ರದ ಮೂಲಕ ತಿಳಿಸಬೇಕು, ತಿಳಿಸದಿದ್ದರೆ ತಾನೇ ಓಡಿಸಿದನೆಂದು ಭಾವಿಸಿ ಮೊಕದ್ದಮೆ ನಡೆಯುತ್ತದೆ. ಅಂದರೆ ವೈಟ್‌ಫೀಲ್ಡ್‌ನವರು ಹೇಳಿದ ವಿನಾಯಿತಿ ಯಾರಿಗೂ ಸಿಗುವುದಿಲ್ಲ. ಶಿಕ್ಷೆ ರಸ್ತೆಯಿಂದ ನ್ಯಾಯಾಲಯಕ್ಕೆ ಸ್ಥಳಾಂತರವಾಗುತ್ತದೆ, ಅಷ್ಟೆ.

ಮೈಸೂರಿನ ವಕೀಲ

ಬ್ರಿಸ್ಬೇನ್‌ನವರು ಹೇಳಿದ ಸಾಧನದ ಬೀಜ ನಮ್ಮ ಮೋಟಾರು ವಾಹನ ಕಾಯ್ದೆಯ 133ನೇ ಕಲಮಿನಲ್ಲಿಯೇ ಇದೆ: ಪೊಲೀಸರು ಕೇಳಿದಾಗ ಚಾಲಕನ ಹೆಸರು, ವಿಳಾಸ ತಿಳಿಸುವುದು ಮಾಲೀಕನ ಕರ್ತವ್ಯ. 2019ರಲ್ಲಿ ಸೇರಿದ 136ಎ ಕಲಂ ಹೆದ್ದಾರಿ ಮತ್ತು ನಗರಗಳಲ್ಲಿ ಕ್ಯಾಮೆರಾ ಮೂಲಕ ನಿಗಾ ಇಡುವುದನ್ನು ಸರ್ಕಾರಗಳ ಹೊಣೆಯಾಗಿಸಿದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಈ ಕೆಲಸವನ್ನು ಕ್ಯಾಮೆರಾಗಳು ಮಾಡುತ್ತಲೇ ಇವೆ. ನಿವೃತ್ತ ಅಧಿಕಾರಿಗಳು ಹೇಳಿದ ನಕಲಿ ಫಲಕದ ತೊಂದರೆ ನಿಜ. ಆದರೆ ನಕಲಿ ಫಲಕದವನು ನೂರರಲ್ಲಿ ಕೆಲವರು, ಬೆನ್ನಟ್ಟುವಿಕೆಯ ಅಪಾಯ ಎಲ್ಲರಿಗೂ.

ಇನ್ನು ಪರಿಹಾರದ ವಿಷಯ. ನನ್ನ ಹೆಚ್ಚಿನ ಕೆಲಸ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿರುವುದರಿಂದ ಇದನ್ನು ತುಸು ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಕುಟುಂಬಗಳು ಕೈಚೆಲ್ಲುವುದು ಇಲ್ಲಿಯೇ. ಗಂಡ ಹೆಲ್ಮೆಟ್ ಹಾಕಿರಲಿಲ್ಲ, ಮೂವರು ಕುಳಿತಿದ್ದರು, ನಿಲ್ಲದೆ ಹೋದರು, ಹಾಗಾಗಿ ನಿಮಗೇನೂ ಬರುವುದಿಲ್ಲ ಎಂದು ಠಾಣೆಯ ಬಾಗಿಲಲ್ಲೇ ಯಾರಾದರೂ ಹೇಳಿ ಕಳಿಸುತ್ತಾರೆ. ಇದು ತಪ್ಪು. ಸವಾರನ ನಿರ್ಲಕ್ಷ್ಯವನ್ನು ಹಿಂಬದಿ ಕುಳಿತವರ ತಲೆಗೆ ಕಟ್ಟುವಂತಿಲ್ಲ. 2020ರ ಮೊಹಮ್ಮದ್ ಸಿದ್ದೀಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬೈಕಿನಲ್ಲಿ ಮೂವರು ಕುಳಿತಿದ್ದರು ಎಂಬುದು ಕಾನೂನಿನ ಉಲ್ಲಂಘನೆಯಾದರೂ ಅದಕ್ಕೂ ಅಪಘಾತಕ್ಕೂ ಸಂಬಂಧವಿದೆಯೆಂದು ತೋರಿಸದ ಹೊರತು ಪರಿಹಾರವನ್ನು ಕಡಿತ ಮಾಡಲಾಗದು ಎಂದಿದೆ. ಒಂದಕ್ಕಿಂತ ಹೆಚ್ಚು ಜನರ ನಿರ್ಲಕ್ಷ್ಯ ಸೇರಿ ಸಾವಾಗಿದ್ದರೆ, ಅವರಲ್ಲಿ ಯಾರೊಬ್ಬರಿಂದಲಾದರೂ ಪೂರ್ತಿ ಪರಿಹಾರ ಪಡೆಯುವ ಹಕ್ಕು ಕುಟುಂಬಕ್ಕಿದೆ ಎಂದು 2015ರ ಖೆನ್ಯೇಯಿ ಪ್ರಕರಣ ಸ್ಪಷ್ಟಪಡಿಸಿದೆ. ಲಾರಿ ಮಾಲೀಕರು ಗಮನಿಸಬೇಕು: ಇದೇ ತೀರ್ಪಿನಿಂದಾಗಿ ಕುಟುಂಬದವರು ವಿಮೆ ಇರುವ ನಿಮ್ಮ ಲಾರಿಯನ್ನು ಮಾತ್ರ ಹಿಡಿಯುತ್ತಾರೆ, ಪೊಲೀಸರನ್ನು ಕಕ್ಷಿಯಾಗಿಸುವ ಗೋಜಿಗೆ ಹೋಗುವುದಿಲ್ಲ. ನಿಮ್ಮ ಕಡೆಯ ವಕೀಲರು ಸರ್ಕಾರವನ್ನು ಕಕ್ಷಿಯಾಗಿ ಸೇರಿಸಲು ಅರ್ಜಿ ಹಾಕಿ, ಹೊಣೆಯ ಪಾಲನ್ನು ಅಲ್ಲಿಯೇ ನಿರ್ಧರಿಸುವಂತೆ ಕೇಳಬೇಕು.

ಪೊಲೀಸ್ ಕೆಲಸದಂಥ ತನ್ನ ಸಾರ್ವಭೌಮ ಕಾರ್ಯಕ್ಕೆ ಸರ್ಕಾರ ಹೊಣೆಯಲ್ಲ ಎಂಬ ಹಳೆಯ ವಾದ ಬಂದೇ ಬರುತ್ತದೆ. 1965ರ ಕಸ್ತೂರಿಲಾಲ್ ತೀರ್ಪನ್ನು ತೆಗೆದು ಮುಂದಿಡುತ್ತಾರೆ. ಆದರೆ 1962ರಲ್ಲೇ ವಿದ್ಯಾವತಿ ಪ್ರಕರಣದಲ್ಲಿ ಸರ್ಕಾರಿ ಜೀಪಿನ ಚಾಲಕನ ನಿರ್ಲಕ್ಷ್ಯಕ್ಕೆ ರಾಜಸ್ಥಾನ ಸರ್ಕಾರ ಹೊಣೆ ಎಂದಾಗಿತ್ತು. 1993ರ ನೀಲಾಬತಿ ಬೆಹೆರಾ ತೀರ್ಪಿನ ನಂತರ, ಜೀವದ ಹಕ್ಕಿನ ಉಲ್ಲಂಘನೆಯಾದಾಗ ಆ ವಾದಕ್ಕೆ ರಿಟ್ ನ್ಯಾಯಾಲಯದಲ್ಲಿ ಜಾಗವೇ ಇಲ್ಲ.

ತನಿಖೆಯ ಬಗ್ಗೆ ಒಂದು ಕೊರತೆಯನ್ನು ಹೇಳಲೇಬೇಕು. ಪೊಲೀಸ್ ವಶದಲ್ಲಿದ್ದಾಗ ಸತ್ತರೆ ನಾಗರಿಕ ಸುರಕ್ಷಾ ಸಂಹಿತೆಯ 196ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟ್ ವಿಚಾರಣೆ ಕಡ್ಡಾಯ. ಬೆನ್ನಟ್ಟುವಾಗ ಸತ್ತವನು ಇನ್ನೂ ವಶಕ್ಕೆ ಬಂದಿರುವುದಿಲ್ಲ, ಹಾಗಾಗಿ ಆ ಕಡ್ಡಾಯ ಅನ್ವಯಿಸುವುದಿಲ್ಲ. ಬೆನ್ನಟ್ಟಿದವರ ಠಾಣೆಯೋ ಪಕ್ಕದ ಠಾಣೆಯೋ ತನಿಖೆ ನಡೆಸುತ್ತದೆ. ಬ್ರಿಟನ್ನಿನಲ್ಲಿ ಪೊಲೀಸರ ಸಂಪರ್ಕದ ಬೆನ್ನಿಗೇ ಸಂಭವಿಸಿದ ಸಾವನ್ನು ಸ್ವತಂತ್ರ ಸಂಸ್ಥೆಗೆ ಒಪ್ಪಿಸಲೇಬೇಕು. ನಮ್ಮಲ್ಲಿಯೂ ಪೊಲೀಸ್ ಸುಧಾರಣೆ ಕುರಿತ 2006ರ ಪ್ರಕಾಶ್ ಸಿಂಗ್ ತೀರ್ಪಿನಂತೆ 2012ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆ ತಿದ್ದುಪಡಿಯಾಗಿ ರಾಜ್ಯ ಮತ್ತು ಜಿಲ್ಲಾ ಮಟ್ಟದಲ್ಲಿ ಪೊಲೀಸ್ ದೂರು ಪ್ರಾಧಿಕಾರಗಳಿವೆ, ಆದರೆ ದೂರು ಕೊಡಬೇಕಾದವರು ಕುಟುಂಬದವರೇ. ಸಾವಾದ ಮನೆಯಲ್ಲಿ ಅದು ಯಾರಿಗೆ ನೆನಪಿರುತ್ತದೆ?

ವೈಟ್‌ಫೀಲ್ಡ್ ನಿವಾಸಿ

ಓಡಿದವನ ಹೊಣೆಯ ಬಗ್ಗೆ ನನ್ನ ನಿಲುವು ಬದಲಾಗಿಲ್ಲ. ಆದರೆ ಹಿಂದೆ ಕುಳಿತವರ ಮತ್ತು ಲಾರಿ ಚಾಲಕನ ಬಗ್ಗೆ ನನ್ನ ವಾದದಲ್ಲಿ ಉತ್ತರವಿಲ್ಲ ಎಂಬುದನ್ನು ಒಪ್ಪುತ್ತೇನೆ. ವಕೀಲರೇ, ಇಂಥ ಘಟನೆ ನಡೆದರೆ ಕುಟುಂಬದವರು ಮೊದಲು ಮಾಡಬೇಕಾದದ್ದು ಏನು?

ಮೈಸೂರಿನ ವಕೀಲ

ದಾಖಲೆಗಳನ್ನು ಉಳಿಸಿಕೊಳ್ಳುವುದು. ಅಂಗಡಿಗಳ ಸಿಸಿಟಿವಿ ದೃಶ್ಯಗಳು ಬಹಳ ದಿನ ಇರುವುದಿಲ್ಲ, ಹಳೆಯದರ ಮೇಲೆ ಹೊಸದು ತುಂಬಿಕೊಳ್ಳುತ್ತದೆ. ಆದ್ದರಿಂದ ಮೊದಲ ವಾರದಲ್ಲೇ ತನಿಖಾಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು, ಅದರ ಪ್ರತಿಯನ್ನು ಜಿಲ್ಲಾ ಎಸ್‌ಪಿಯವರಿಗೂ ದೂರು ಪ್ರಾಧಿಕಾರಕ್ಕೂ ಕಳಿಸಿ, ಅಕ್ಕಪಕ್ಕದ ಸಿಸಿಟಿವಿ ದೃಶ್ಯ, ಪೊಲೀಸರ ಮೈಮೇಲಿನ ಕ್ಯಾಮೆರಾದ ದೃಶ್ಯ, ಕಂಟ್ರೋಲ್ ರೂಂನ ಧ್ವನಿಮುದ್ರಣ, 112ಕ್ಕೆ ಬಂದ ಕರೆಗಳ ವಿವರ, ಆ ದಿನದ ಕರ್ತವ್ಯ ಹಂಚಿಕೆಯ ಪಟ್ಟಿ, ತಪಾಸಣೆಗೆ ಆ ಜಾಗವನ್ನು ಗೊತ್ತುಮಾಡಿದ ಆದೇಶ, ಇಷ್ಟನ್ನೂ ಕಾಯ್ದಿರಿಸುವಂತೆ ಕೇಳಬೇಕು. ಆದೇಶವೇ ಇರಲಿಲ್ಲ ಎಂಬ ಉತ್ತರ ಬಂದರೆ ಅದನ್ನೂ ಬರಹದಲ್ಲಿ ಪಡೆಯಬೇಕು. ಯಾರ ತೀರ್ಮಾನದಿಂದ ಅಲ್ಲಿ ನಿಂತಿದ್ದರು ಎಂಬ ಪ್ರಶ್ನೆಗೆ ನ್ಯಾಯಾಲಯದಲ್ಲಿ ಉತ್ತರಿಸಬೇಕಾದವರು ಆಗ ಎಎಸ್‌ಐ ಒಬ್ಬರೇ ಆಗಿರುವುದಿಲ್ಲ. ಲಾರಿ ಚಾಲಕನ ಕಡೆಯವರೂ ಇದೇ ಅರ್ಜಿಯನ್ನು ಪ್ರತ್ಯೇಕವಾಗಿ ಕೊಡಬಹುದು, ಕೊಡಬೇಕು.